ಕಂಪನಿ ಬೇಡವೆಂದವರಿಗೆ ನೀನಿದ್ದೆ

ದೋಸ್ತ ಕೊಟ್ರೇಶ,

ಕೊಟ್ಟೂರು ಬಸ್ ನಿಲ್ದಾಣದಲ್ಲಿ, ನಾವಿಬ್ಬರೂ ಮಂಡಕ್ಕಿ ತಿನ್ನುತ್ತ ಕೂರುತ್ತಿದ್ದ ಆ ಕೊನೆಯ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಉಜ್ಜಿನಿ ಬಸ್ಸು ಇನ್ನೂ ಬಂದಿಲ್ಲ. ಉಜ್ಜಿನಿಗೆ ಯಾಕೆ ಹೊರಟಿದ್ದೇನೆ ಎಂಬುದನ್ನು ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳಲಾರೆ. ನಗಬೇಡ, ವಿಮೆಯ ಕರಪತ್ರಗಳ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ. ಬ್ಯಾಗಿನಲ್ಲಿ ಇದ್ದ ಖಾಲಿ ಕಾಗದ ಇವೇ. ನೀನು ನನಗೆ ಇಟ್ಟ ಹೆಸರೂ ಅದೇ ಅಲ್ಲವೇ? ಲೇ ಕರಪತ್ರ, ಬಾರಲೇ ಕರಪತ್ರ... ಈಗ ಹಾಗೆ ಕರೆಯುವವರು ಯಾರೂ ಉಳಿದಿಲ್ಲ.

ಆ ಹೊಸ ಪಾಲಿಸಿ ಬಂದ ದಿನವೂ ಇದೇ ಬೆಂಚಿನ ಮೇಲಿದ್ದೆವು. ವಿಮಾ ಏಜೆಂಟರಾದ ನಾವಿಬ್ಬರೂ ಹೊಸಪೇಟೆಯ ಕಚೇರಿಯಿಂದ ಕಟ್ಟುಗಟ್ಟಲೆ ಪೋಸ್ಟರ್ ಹೊತ್ತು ತಂದಿದ್ದೆವು. ವೈದ್ಯರ ಪರೀಕ್ಷೆ ಇಲ್ಲ, ರಕ್ತ ಕೊಡಬೇಕಿಲ್ಲ, ಕೆಲವೇ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದರೆ ಸಾಕು, ಫೋನಿನಲ್ಲೇ ವಿಮೆ. ನನಗೆ ಮೈಮೇಲೆ ದೇವರು ಬಂದ ಹಾಗಾಗಿತ್ತು. ಕೂಲಿ ಮಾಡುವವರ, ಹೂ ಕಟ್ಟುವವರ ಮನೆ ಬಾಗಿಲಿಗೆ ಕೊನೆಗೂ ಒಂದು ಆಸರೆ ಬಂತು ಎಂದುಕೊಂಡಿದ್ದೆ. "ಊರು ಮಂದಿಯೆಲ್ಲ ಸೇರಿ ಬೀಳೋ ಮನಿ ಒಂದನ್ನ ಎತ್ತಿ ಹಿಡಿಯಾದು, ಅದಕ್ಕಲೇ ವಿಮೆ ಅನ್ನಾದು" ಎಂದು ನಿನಗೆ ಭಾಷಣ ಮಾಡಿದೆ. ನೀನು ಹಸಿಮೆಣಸಿನಕಾಯಿ ಕಡಿಯುತ್ತ, "ನಿನ್ನ ಕರಪತ್ರದಾಗ ಕಂಪನಿ ಲಾಭ ಯಾವ ಪುಟದಾಗ ಐತಿ, ಅದನ್ನ ತೋರ್ಸು ಮೊದ್ಲ" ಎಂದೆ.  ನನಗೆ ನಿನ್ನ ಮೇಲೇ ಸಿಟ್ಟು ಬಂದಿತ್ತು.

ಹೊಸ ಪಾಲಿಸಿ ಬಂದಾಗ ಬೋಣಿ ಏಜೆಂಟನದೇ ಆಗಬೇಕು ಎಂಬುದು ನಮ್ಮ ಕಡೆಯ ರೂಢಿ. ಅಂಗಡಿಯವನು ತನ್ನ ಸರಕನ್ನು ತಾನೇ ತಿನ್ನದಿದ್ದರೆ ಯಾರು ನಂಬುತ್ತಾರೆ? ಇಬ್ಬರೂ ನಮ್ಮ ನಮ್ಮ ಅರ್ಜಿ ತುಂಬಿದೆವು. ಹೃದಯದ ಕಾಯಿಲೆ ಇತ್ತೇ ಎಂಬ ಪ್ರಶ್ನೆ ಬಂದಾಗ ನೀನು ಒಂದು ಗಳಿಗೆ ನನ್ನ ಮುಖ ನೋಡಿದೆ. ಚಿಕ್ಕವನಿದ್ದಾಗ ನಿನ್ನ ಎದೆ ಸೀಳಿ ತೂತು ಮುಚ್ಚಿದ್ದರು. ಆಮೇಲೆ ನೀನು ಕಬಡ್ಡಿ ಆಡಿದೆ, ಚೀಲ ಹೊತ್ತೆ, ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ಗಾಡಿ ಓಡಿಸಿದೆ. ಇಲ್ಲ ಎಂದು ಒತ್ತಿದ್ದರೆ ಆಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಳೆಯ ಪಾಲಿಸಿಗಳಲ್ಲಿ ಬೇರೆ ಏಜೆಂಟರು ಎಲ್ಲದಕ್ಕೂ ಇಲ್ಲ ಎಂದೇ ಬರೆಸುತ್ತಿದ್ದರು. ಆಳು ಸತ್ತ ಮೇಲೆ ಕಂಪನಿಯವರು ಆಸ್ಪತ್ರೆಯ ಚೀಟಿ ಹುಡುಕಿ ತೆಗೆದು, ಸುಳ್ಳು ಹೇಳಿದ್ದೀರಿ ಎಂದು ಮನೆಯವರನ್ನು ಬರಿಗೈಯಲ್ಲಿ ಕಳಿಸುವುದನ್ನು ನಾವು ಕಣ್ಣಾರೆ ನೋಡಿದ್ದೆವು. ಒಂದು ಸುಳ್ಳನ್ನೂ ಬರೆಯುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ನೀನು ಹೌದು ಒತ್ತಿದೆ. ನನ್ನ ಫೋನಿಗೆ ಅಭಿನಂದನೆ ಬಂತು. ನಿನ್ನದಕ್ಕೆ, ಅರ್ಜಿಯನ್ನು ಸ್ವೀಕರಿಸಲಾಗುತ್ತಿಲ್ಲ ಎಂಬ ವಿಷಾದ. "ಹೆಣ್ಣು ನೋಡಾಕ ಹೋದಾಗ್ಲೂ ಇಷ್ಟು ಲಗೂನ ಬ್ಯಾಡ ಅಂದಿದ್ದಿಲ್ಲಲೇ" ಎಂದು ನೀನು ನಕ್ಕುಬಿಟ್ಟೆ. ಆ ನಗೆಯ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ಬಸಮ್ಮಕ್ಕನ ಮನೆಯ ಆ ಮಧ್ಯಾಹ್ನ ನಿನಗೆ ನೆನಪಿದೆಯೇ? ಹಡಗಲಿಯಲ್ಲಿ, ಮಲ್ಲಿಗೆ ಕಟ್ಟುವ ಹೆಂಗಸರು ಬುಟ್ಟಿ ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದರು. ಬಸಮ್ಮಕ್ಕನಿಗೆ ಗಂಡನಿಲ್ಲ, ಹಿಂದೆಮುಂದೆ ಯಾರೂ ಇಲ್ಲ, ಇರುವವಳು ಕಾಲೇಜಿಗೆ ಹೋಗುವ ಮಗಳು ಸುಮ ಒಬ್ಬಳೇ. "ನಾ ಇಲ್ಲದಾಗ ಇದರ ಓದು ನಿಲ್ಲಬಾರ್ದು, ಅಷ್ಟ" ಎಂದು ಹೇಳಿ ಬಸಮ್ಮಕ್ಕ ಅರ್ಜಿ ಕೊಟ್ಟಿದ್ದಳು. ಪರೀಕ್ಷೆ ಇಲ್ಲ ಎಂದರೆ ಯಾರನ್ನೂ ಬೇಡ ಅನ್ನುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಹೃದಯದ ಕವಾಟ ಬದಲಿಸಿದ್ದನ್ನು ಅವಳು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಲಿಲ್ಲ. ಬೇಡ ಎಂಬ ಸಂದೇಶ ಬಂದಾಗ ನಾವು ಇಟ್ಟಿಗಿ ಊರಿನಲ್ಲಿದ್ದೆವು. ಅಲ್ಲಿಂದ ನೇರ ಅವಳ ಮನೆಗೆ ಬಂದೆವು. ನೀನು ಗಾಡಿ ನಿಲ್ಲಿಸುವಷ್ಟರಲ್ಲಿ ನಾನು ಬಾಗಿಲ ಬಳಿ ಹೋಗಿದ್ದೆ. ಸುಮ ನೀರಿನ ಚೊಂಬು ತಂದಳು. "ಬ್ಯಾಡವ್ವ, ಲೇಟಾಗೈತಿ" ಎಂದೆ. ಚಪ್ಪಲಿ ಬಿಡಲಿಲ್ಲ. ಹೊಸ್ತಿಲಾಚೆಯೇ ನಿಂತು, "ಬಸಮ್ಮಕ್ಕ, ನಿಮ್ ಅರ್ಜಿ ಕಂಪನಿಯವ್ರು ಬ್ಯಾಡ ಅಂದಾರ" ಎಂದೆ. ಸತ್ಯವನ್ನು ನೇರವಾಗಿ ಹೇಳಬೇಕು ಎಂದು ಓದಿಕೊಂಡಿದ್ದೆನಲ್ಲ.

ನಮ್ಮ ಕಡೆ ಹೀಗೆ ಹೊಸ್ತಿಲಾಚೆ ನಿಂತು, ನೀರು ಮುಟ್ಟದೆ ಸುದ್ದಿ ಹೇಳುವವನು ಸಾವಿನ ಸುದ್ದಿ ತಂದವನೊಬ್ಬನೇ. ಅದು ಹುಟ್ಟಿದಾಗಿನಿಂದ ಗೊತ್ತಿದ್ದ ನನಗೇ ಆ ಹೊತ್ತಿಗೆ ಹೊಳೆಯಲಿಲ್ಲ. ಬಸಮ್ಮಕ್ಕನ ಬೆರಳು ದಾರದ ಮೇಲೆ ಹಾಗೇ ನಿಂತವು. ಪಕ್ಕದವಳು ತನ್ನ ಬುಟ್ಟಿಯನ್ನು ಸದ್ದಿಲ್ಲದೆ ಆಚೆ ಸರಿಸಿಕೊಂಡಳು. ಆಗ ಹಿಂದಿನಿಂದ ನಿನ್ನ ದನಿ ಬಂತು. "ಏ ಯಕ್ಕಾ, ಅವನ ಮಾತು ಬಿಡು, ಅವ ಓದಿ ಓದಿ ಕೆಟ್ಟಾನ. ನೀರು ಕೊಡು ಇಲ್ಲಿ. ಚಾಕ್ಕ ಸಕ್ರಿ ಜಾಸ್ತಿ ಹಾಕಾಕ ಹೇಳು." ನೀನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಕ್ಕಳಮಕ್ಕಳ ಕೂತೆ. ಗಟಗಟ ನೀರು ಕುಡಿದೆ. ಚಹಾ ಬರುವವರೆಗೆ ಹೂವಿನ ದರ ಕೇಳಿದೆ. ಆಮೇಲೆ ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ.

"ನೋಡು ಯಕ್ಕಾ. ಇಲ್ಲಿಂದ ಇಲ್ಲಿಗಂಟ ಹರದು ಹೊಲದಾರ. ಕಂಪನಿಯವ್ರು ನನ್ನೂ ಬ್ಯಾಡ ಅಂದಾರ. ನಾ ಸತ್ತೀನೇನು? ಸತ್ತಾವ ಚಾ ಕೇಳ್ತಾನೇನು?"

ಬಸಮ್ಮಕ್ಕ ಆ ಹೊಲಿಗೆಯ ಗೆರೆಯನ್ನು ಬಹಳ ಹೊತ್ತು ನೋಡಿದಳು. "ನಂದೂ ಅಷ್ಟ ಉದ್ದ ಐತಿ" ಎಂದಳು.

"ಮತ್ತ? ಒಂದ ಟೇಲರ್ ಅಂಗಡಿ ಮಂದಿ ನಾವು."

ಎಲ್ಲರೂ ನಕ್ಕರು. ಬುಟ್ಟಿ ಸರಿಸಿಕೊಂಡವಳೂ ನಕ್ಕಳು. ಹೊರಗೆ ಬಂದ ಮೇಲೆ ನೀನು ನನ್ನ ಕುತ್ತಿಗೆ ಪಟ್ಟಿ ಹಿಡಿದು, "ಲೇ, ಕುಂತು ಹೇಳಿದ್ರ ಅದು ಕಂಪನಿ ಸುದ್ದಿ, ನಿಂತು ಹೇಳಿದ್ರ ಯಮನ ಸುದ್ದಿ, ತಿಳ್ಕ" ಎಂದು ಬೈದೆ. ಯಾವ ಕರಪತ್ರದಲ್ಲೂ ಇದು ಇರಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ನನಗೆ ನೀನು ಚಹಾ ಕುಡಿಯುತ್ತಿರುವುದೇ ಕಾಣುತ್ತದೆ. ಕೂಡ್ಲಿಗಿಯಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ, ಹರಪನಹಳ್ಳಿಯ ಹಳ್ಳಿಗಳಲ್ಲಿ, ಎಲ್ಲಿ ಯಾರದು ತಿರಸ್ಕಾರವಾದರೂ ಹೊತ್ತು ಮುಳುಗುವುದರೊಳಗೆ ಆ ಮನೆಯಲ್ಲಿ ನೀನು ಕೂತಿರುತ್ತಿದ್ದೆ. ನಮ್ಮ ಜನ ಕಂಪನಿ ಎಂದರೆ ಏನೆಂದು ತಿಳಿದಿದ್ದಾರೆ, ಕೊಟ್ರ? ಆಯುಷ್ಯ ಲೆಕ್ಕ ಹಾಕುವ ದೊಡ್ಡವರು. ಅವರು ಬೇಡ ಅಂದರೆ ಆಳು ಉಳಿಯುವುದಿಲ್ಲ ಎಂದರ್ಥ. ಬೇಡ ಎನಿಸಿಕೊಂಡವನಿಗೆ ಸಂಘದವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ, ಬೀಗರು ಮಾತು ಮುಂದೂಡುತ್ತಾರೆ, ಕೊನೆಗೆ ಅವನೇ ತನ್ನನ್ನು ಅರ್ಧ ಸತ್ತವನೆಂದು ಬಗೆದು ಮೂಲೆ ಹಿಡಿಯುತ್ತಾನೆ. ಲಾಭ ಬರುವುದಿಲ್ಲ ಎಂದು ಬಿಟ್ಟದ್ದನ್ನು ಬದುಕುವುದಿಲ್ಲ ಎಂದು ಓದಿಕೊಳ್ಳುವವರಿಗೆ ನನ್ನ ವಾದ ಏನು ಮಾಡೀತು? ನೀನು ವಾದಿಸಲಿಲ್ಲ. ಗುಂಡಿ ಬಿಚ್ಚಿ ತೋರಿಸಿ ಚಹಾ ಕುಡಿದೆ. ಬಸಮ್ಮಕ್ಕ ದಿನಾ ಬೆಳಿಗ್ಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ನುಂಗುವಾಗ, "ಕೊಟ್ರಪ್ಪ ನುಂಗ್ಯಾನೋ ಇಲ್ಲೋ" ಎನ್ನುತ್ತಿದ್ದಳಂತೆ. ನಿನಗೆ ಗುಳಿಗೆಯೇ ಇರಲಿಲ್ಲ. ಆದರೂ ಹಡಗಲಿಗೆ ಹೋದಾಗಲೆಲ್ಲ "ನುಂಗೀನಿ ಯಕ್ಕಾ, ನಿಂದಾತೇನು?" ಎಂದು ಕೂಗಿ ಹೋಗುತ್ತಿದ್ದೆ. ಆ ಸುಳ್ಳಿಗೂ ನಾನು ನಿನ್ನೊಡನೆ ಜಗಳ ಮಾಡಿದ್ದೆ.

ಹಗರಿಬೊಮ್ಮನಹಳ್ಳಿಯಿಂದ ನೀನು ಹೊರಟ ಆ ಸಂಜೆ... ಬರೆಯಲು ಕೈ ಬರುತ್ತಿಲ್ಲ. ದೀಪವಿಲ್ಲದೆ ದಾರಿಯಲ್ಲಿ ನಿಂತ ಟ್ರ್ಯಾಕ್ಟರು, ಅದಕ್ಕೆ ಗುದ್ದಿದ ನಿನ್ನ ಗಾಡಿ. ಅಷ್ಟೇ. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಪೆಟ್ಟು ಬಿದ್ದದ್ದು ತಲೆಗೆ, ಹೃದಯ ಕೊನೆಯವರೆಗೂ ಗಟ್ಟಿಯಾಗಿ ಬಡಿಯುತ್ತಿತ್ತು ಎಂದರು. ಕೇಳಿದೆಯಾ ಕೊಟ್ರ? ಕಂಪನಿ ಅನುಮಾನಪಟ್ಟದ್ದು ಅದೊಂದನ್ನೇ. ನಿನ್ನ ಮೈಯಲ್ಲಿ ಎಲ್ಲಕ್ಕಿಂತ ಕೊನೆಗೆ ಸೋತದ್ದೂ ಅದೇ.

ನಿನ್ನನ್ನು ಮಣ್ಣು ಮಾಡಿ ಬಂದ ದಿನ ಚಹಾದಂಗಡಿಯಲ್ಲಿ ಕೂತವರ ಮಾತು ಕಿವಿಗೆ ಬಿತ್ತು. "ಕಂಪನಿಯವ್ರು ಮೊದ್ಲ ಬ್ಯಾಡ ಅಂದಿದ್ರಂತ ಇವನ್ನ." "ಹೌದಾ? ನೋಡಪ್ಪ ಮತ್ತ, ಹೆಂಗ ಗೊತ್ತಾಕತಿ ಅವ್ರಿಗೆ." ನಾನು ಎದ್ದು ಹೋಗಿ, "ಟ್ರ್ಯಾಕ್ಟರ್ ನಿಂತಿರ್ತತಿ ಅಂತ ಕಂಪನಿಗೆ ಹೆಂಗ ಗೊತ್ತಿರ್ತತ್ರಿ?" ಎಂದು ಕೇಳಿದೆ. ಹಿರಿಯನೊಬ್ಬ ನನ್ನನ್ನು ಕನಿಕರದಿಂದ ನೋಡಿ, "ಗೊತ್ತಿರ್ತೈತಿ ತಮ್ಮಾ. ದೊಡ್ಡವ್ರು ಅವ್ರು" ಎಂದ. ನಾನು ಕಿರುಚಾಡಿದೆ. ಅಂಗಡಿಯವನು ನೀರು ಕೊಟ್ಟು ಕೂರಿಸಿದ. ನಿಮ್ಮ ಮನೆಗೆ ಹೋದರೆ ನಿಮ್ಮವ್ವ ಗೋಡೆಗೆ ಒರಗಿ ಅದನ್ನೇ ಹೇಳುತ್ತಿದ್ದಳು. "ಅವ್ರು ಹೇಳಿದ್ರಪ್ಪ, ನಾವ ಕೇಳ್ಲಿಲ್ಲ. ಬ್ಯಾಡ ಅಂದ ದಿನಾನ ಗಾಡಿ ಕಸ್ಕಂಡು ಮನ್ಯಾಗ ಕೂರಿಸಬೇಕಿತ್ತು." ನಿನ್ನವ್ವನ ಜೊತೆ ನಾನು ಹೇಗೆ ವಾದಿಸಲಿ? ನೀನು ಬದುಕಿ ತೋರಿಸಿ ಸುಳ್ಳು ಮಾಡಿದ್ದನ್ನೆಲ್ಲ ನಿನ್ನ ಸಾವು ಒಂದೇ ಸಂಜೆಯಲ್ಲಿ ನಿಜ ಮಾಡಿಬಿಟ್ಟಿತು. ನಿನಗೆ ಇಷ್ಟು ಅವಸರ ಏನಿತ್ತು?

ಸುಮಳ ಫೋನ್ ಬಂದದ್ದು ಅದಾದ ಕೆಲವು ದಿನಕ್ಕೆ. "ಅಣ್ಣಾ, ಅವ್ವ ಗುಳಿಗಿ ನುಂಗವಲ್ಲಳು. ಹೂವನೂ ಕಟ್ಟವಲ್ಲಳು. ಸುಮ್ನ ಮಕ್ಕಂಡಾಳ." ಓಡಿದೆ. ಈ ಸಲ ಚಪ್ಪಲಿ ಬಿಟ್ಟೆ, ಒಳಗೆ ಹೋಗಿ ಕೂತೆ, ನೀರು ಕುಡಿದೆ, ಚಹಾ ಕೇಳಿ ಕುಡಿದೆ. ನೀನು ಮಾಡಿದ್ದನ್ನೆಲ್ಲ ಮಾಡಿದೆ. ಗುಳಿಗೆ ಬಿಟ್ಟರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಕಂಪನಿಯವರು ದೇವರಲ್ಲ, ವ್ಯಾಪಾರಸ್ಥರು ಎಂದೆ. ಇಷ್ಟು ಓದಿದ್ದನ್ನೆಲ್ಲ ಅವಳ ಮುಂದೆ ಸುರಿದೆ. ಅವಳು ಗೋಡೆಯ ಕಡೆ ಮುಖ ಮಾಡಿಯೇ, "ನಿನಗೇನಪ್ಪ ತಮ್ಮಾ, ಕಂಪನಿಯವ್ರು ನಿನ್ನ ತಗಂಡಾರ" ಎಂದಳು.  ನನ್ನ ಎದೆಯ ಮೇಲೆ ಹೊಲಿಗೆ ಇಲ್ಲ, ಕೊಟ್ರ. ಗುಂಡಿ ಬಿಚ್ಚಿದರೆ ತೋರಿಸಲು ಏನೂ ಇಲ್ಲ.

ಹೊಸಪೇಟೆಗೆ ಹೋಗಿ ಕಂಪನಿಯ ಸಾಹೇಬರ ಮುಂದೆ ನಿಂತೆ. ತಿರಸ್ಕಾರ ಎಂದರೆ ಆಯುಷ್ಯ ಮುಗಿಯಿತು ಎಂದಲ್ಲ, ಇಷ್ಟನ್ನು ಕಂಪನಿಯ ಹೆಸರಲ್ಲಿ ಕನ್ನಡದಲ್ಲಿ ಬರೆದುಕೊಡಿ, ಮನೆ ಮನೆಗೆ ನಾನೇ ಹಂಚುತ್ತೇನೆ ಎಂದೆ. ಅವರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು. "ಅದನ್ನ ಕಂಪ್ಯೂಟರ್ ಮಾಡ್ತೈತಪ್ಪ, ನಾನಲ್ಲ. ಡಿಕ್ಲೈನ್ ಆದವ್ರ ಹಿಂದ ಯಾಕ ತಿರುಗ್ತೀಯ? ಹೊಸಬ್ರನ್ನ ಹುಡುಕು" ಎಂದರು. ವಿಮೆ ಅತಿ ಹೆಚ್ಚು ಬೇಕಾದವರನ್ನು ಹೊರಗೆ ನಿಲ್ಲಿಸಿ, ಬೇಕಿಲ್ಲದವರನ್ನು ಅಭಿನಂದಿಸುವ ಈ ಕೆಲಸಕ್ಕೆ ನಾನು ಊರೂರಲ್ಲಿ ಪೋಸ್ಟರ್ ಅಂಟಿಸಿದೆನಲ್ಲ... ಯಾವ ಹೊಸಬರನ್ನು ಹುಡುಕಲಿ?

ಹುಡುಕಿದ್ದು ಹಳಬರನ್ನೇ. ಬೇಡ ಎನಿಸಿಕೊಂಡು ಬದುಕಿರುವ ಯಾರಾದರೂ ಒಬ್ಬರು ಬಂದು ಬಸಮ್ಮಕ್ಕನ ಮುಂದೆ ಚಹಾ ಕುಡಿಯಲಿ, ಅಷ್ಟೇ ಸಾಕಿತ್ತು. ನೀನು ಚಹಾ ಕುಡಿದ ಮನೆಗಳಿಗೆಲ್ಲ ಹೋದೆ. ಕೂಡ್ಲಿಗಿಯ ಟೈಲರ್ ಬಾಗಿಲು ಅರ್ಧ ಮುಚ್ಚಿ, "ಬ್ಯಾಡ ಅಂದಿದ್ದು ಯಾರಿಗೂ ಹೇಳಿಲ್ಲರಿ, ನಮ್ಮ ಹೆಸರು ತೆಗೀಬ್ಯಾಡ್ರಿ" ಎಂದು ಕೈಮುಗಿದ. ಹರಪನಹಳ್ಳಿಯಲ್ಲಿ ಒಬ್ಬಳು, "ಮಗಳ ಮದ್ವಿ ಆಗ್ಲಿ ತಡಿಯಪ್ಪ" ಎಂದಳು. ಉಳಿದವರು ನನ್ನ ಫೋನನ್ನೇ ಎತ್ತಲಿಲ್ಲ. ಇವರೆಲ್ಲ ಒಂದಾಗಿ ಎದ್ದು ನಿಲ್ಲುತ್ತಾರೆ ಎಂದು ಕನಸು ಕಂಡವನು ನಾನು. ಅವರು ಒಬ್ಬರಿಗೊಬ್ಬರು ಕಾಣದ ಹಾಗೆ ಅಡಗಿ ಕೂತಿದ್ದರು.

ಬಂದವನು ಉಜ್ಜಿನಿಯ ಸಿದ್ದಜ್ಜ ಒಬ್ಬನೇ. ನೀನು ಅವನನ್ನು ಬಲ್ಲೆ. ಅಜ್ಜನಾಗುವಷ್ಟು ವಯಸ್ಸಿಲ್ಲ, ಗಡ್ಡ ನೋಡಿ ಎಲ್ಲರೂ ಅಜ್ಜ ಅನ್ನುತ್ತಾರೆ. ಹಿಂದೆ ಲಕ್ವಾ ಹೊಡೆದು ಎಡಗೈ ಜೋತುಬಿದ್ದಿದೆ. ಒಂಟಿ ಜೀವ. ಬಸ್ಸಿಳಿದು ಬಂದವನೇ ಬಸಮ್ಮಕ್ಕನ ಪಕ್ಕದಲ್ಲಿ ಕೂತು, ಸರಿಯಿರುವ ಕೈಯಲ್ಲಿ ಚಹಾದ ಲೋಟ ಹಿಡಿದು ಕೇಳಿದ. "ಎಷ್ಟು ಸಲ ಬ್ಯಾಡ ಅಂದಾರವ್ವ ನಿನ್ನ?"

"ಒಂದ ಸಲ" ಎಂದಳು ಬಸಮ್ಮಕ್ಕ.

"ಒಂದಕ್ಕ ಮಕ್ಕಂಡಿಯೇನು? ನನ್ನ ಎರಡು ಸಲ ಅಂದಾರ. ಮೂರನೇ ಅರ್ಜಿ ಹಾಕಪ್ಪ ಅಂದ್ರ ಈ ಹುಡುಗ ಹಾಕವಲ್ಲ. ಕಂಪನಿಯವ್ರಿಗೆ ಬ್ಯಾಸರ ಆಗಬೇಕು, ನಮಗಲ್ಲ."

ಅವಳು ಎದ್ದು ಕೂತಳು. ನಗಲಿಲ್ಲ. ಅವನ ಜೋತುಬಿದ್ದ ಕೈಯನ್ನು ನೋಡುತ್ತ, "ಅಜ್ಜಾ, ಕೊಟ್ರಪ್ಪನೂ ಹಿಂಗ ನಗಸ್ತಿದ್ದ. ನೀನೂ ಹೋಗಿಬಿಟ್ರ?" ಎಂದಳು.

"ಹೋದ್ರ ಹೋದೆ. ಇವತ್ತು ಹೋಗಿಲ್ಲಲ್ಲ."

ಅವಳು ಸುಮಳ ಕಡೆ ಕೈ ಚಾಚಿ, "ಹಂಗಾದ್ರ ನೀ ಇದ್ದ ದಿನ ನುಂಗ್ತೀನಿ" ಎಂದಳು. ಸುಮ ಗುಳಿಗೆ ತಂದುಕೊಟ್ಟಳು. ನುಂಗಿದಳು.

ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ನಾನು ಸಿದ್ದಜ್ಜನಿಗೆ ಫೋನ್ ಮಾಡುತ್ತೇನೆ. "ಅದೀನಲೇ, ಸಾಯ್ಲಿಲ್ಲ, ಇಡು" ಎನ್ನುತ್ತಾನೆ. ನಾನು ಸುಮಳಿಗೆ ಹೇಳುತ್ತೇನೆ. ಆಗ ಮಾತ್ರ ಬಸಮ್ಮಕ್ಕ ಗುಳಿಗೆ ನುಂಗುತ್ತಾಳೆ. ಅವಳು ಮತ್ತೆ ಹೂ ಕಟ್ಟಲು ಕೂತಿದ್ದಾಳೆ, ಸುಮ ಕಾಲೇಜಿಗೆ ಹೋಗುತ್ತಿದ್ದಾಳೆ. ಇದನ್ನು ಗೆಲುವು ಎನ್ನಲೇ? ಒಬ್ಬ ಹೆಂಗಸಿನ ಜೀವ, ಒಂದು ಹುಡುಗಿಯ ಓದು, ಅರ್ಧ ಮೈ ಬಿದ್ದ ಒಬ್ಬ ಮನುಷ್ಯನ ಉಸಿರಿನ ಮೇಲೆ ನಿಂತಿದೆ. ನನ್ನ ಇಡೀ ಚಳವಳಿ ಎಂದರೆ ಉಜ್ಜಿನಿಯ ಒಂದು ಹಳೆಯ ಫೋನು. ಅವನಿಗೆ ಕೆಮ್ಮು ಬಂದರೆ ನನ್ನ ಎದೆ ಒಡೆಯುತ್ತದೆ. ಚಳಿಯಲ್ಲಿ ಹೊರಗೆ ಮಲಗಬೇಡ ಎಂದು ಬೈದರೆ, "ನೀ ಏನು ನನ್ನ ನಾಮಿನಿ ಏನಲೇ?" ಎಂದು ಕೇಳುತ್ತಾನೆ. ಎಂದೋ ಒಂದು ದಿನ ಅವನೂ... ಆಗ ಊರೆಲ್ಲ ಹೇಳುವುದು ಏನೆಂದು ನನಗೆ ಗೊತ್ತಿದೆ, ನಿನಗೂ ಗೊತ್ತಿದೆ.

ಇವತ್ತು ಬೆಳಿಗ್ಗೆ ಸಿದ್ದಜ್ಜ ಫೋನ್ ಎತ್ತಲಿಲ್ಲ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಅಷ್ಟರಲ್ಲಿ ಸುಮಳೇ ಮಾಡಿದಳು. "ಅಣ್ಣಾ, ಅವ್ವ ಗುಳಿಗಿ ಅಂಗೈಯಾಗ ಇಟ್ಕಂಡು ಕುಂತಾಳ. ಅಜ್ಜ ಏನಂದ?"

ಕೊಟ್ರ, ಒಂದು ಅರ್ಜಿಯಲ್ಲೂ ಒಂದು ಸುಳ್ಳು ಬರೆಯದವನು ನಾನು. ನೀನು ಹೌದು ಒತ್ತಿದ್ದು ನನ್ನ ಮುಖ ನೋಡಿ. "ಅದಾನಂತ ಹೇಳವ್ವ" ಎಂದೆ. "ಚಾ ಕುಡಿಯಾಕತ್ತಾನ. ನಿಂದಾತೇನು ಅಂತ ಕೇಳಿದ."

ಬಸಮ್ಮಕ್ಕ ಫೋನ್ ಇಸಿದುಕೊಂಡಳು. ನೀರು ಕುಡಿದ ಸದ್ದು ಕೇಳಿಸಿತು. "ನುಂಗಿದೆ ತಮ್ಮಾ" ಎಂದಳು. "ಬ್ಯಾರೆ ಯಾರಾದ್ರೂ ಹೇಳಿದ್ರ ನಂಬ್ತಿದ್ದಿಲ್ಲ. ನೀ ಸುಳ್ಳು ಹೇಳಾವ ಅಲ್ಲ ಅಂತ ಕೊಟ್ರಪ್ಪ ಹೇಳ್ತಿದ್ದ."

ಬಸ್ಸು ಬಂತು. ಕಂಡಕ್ಟರು ಉಜ್ಜಿನಿ ಉಜ್ಜಿನಿ ಎಂದು ಕೂಗುತ್ತಿದ್ದಾನೆ. ಸಿದ್ದಜ್ಜನ ಬಾಗಿಲು ತೆರೆದಿದ್ದರೆ, ಫೋನ್ ಎಲ್ಲೋ ಬಿಟ್ಟು ಹೊರಗೆ ಬಿಸಿಲಿಗೆ ಕೂತಿದ್ದರೆ, ಅವನ ಕಾಲಿಗೆ ಬೀಳುತ್ತೇನೆ. ತೆರೆದಿಲ್ಲದಿದ್ದರೆ, ಅವನ ಮಣ್ಣು ಮುಗಿಸಿ ಅಲ್ಲಿಂದ ಹಡಗಲಿಗೆ ಹೋಗುತ್ತೇನೆ. ಹೊಸ್ತಿಲಾಚೆ ನಿಲ್ಲುವುದಿಲ್ಲ, ನಿನ್ನಾಣೆ. ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕೂತು, ನೀರು ಕುಡಿದು, ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿದು, ಅಜ್ಜ ಅದಾನ ಎನ್ನುತ್ತೇನೆ. ನಾಳೆಯೂ ಅದಾನ ಎನ್ನುತ್ತೇನೆ. ಅವಳು ನುಂಗುವವರೆಗೂ.

ನಿನ್ನ
ಕರಪತ್ರ